‘ಸೂಕ್ತ ಕ್ರಮ ಕೈಗೊಳ್ಳಲಾಗಿದೆ’

2022ರ ಡಿಸೆಂಬರ್‌ನಲ್ಲಿ ಎಸ್ಪಿ ಆಫೀಸಿನಿಂದ ನಮ್ಮ ಮನೆಗೆ ಒಂದು ಹಿಂಬರಹ ಬಂತು. ಅರ್ಧ ಹಾಳೆ. ‘ನಿಮ್ಮ ಅರ್ಜಿಯ ಬಗ್ಗೆ ವಿಚಾರಣೆ ನಡೆಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ. ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ ಎಂದು ಈ ಮೂಲಕ ತಿಳಿಸಲಾಗಿದೆ.’ ಕೆಳಗೆ ಸಹಿ, ಸೀಲು. ತಮ್ಮ ಅದನ್ನು ಎರಡು ಸಲ ಓದಿದ.

"ಅಕ್ಕ, ಏನು ಕ್ರಮ ಅಂತ ಬರೆದೇ ಇಲ್ವಲ್ಲ?"

ಆ ಮಾತಿಗೆ ಉತ್ತರ ಸಿಗಲು ಎರಡೂವರೆ ವರ್ಷಕ್ಕೂ ಜಾಸ್ತಿ ಹಿಡಿಯಿತು. ಹೇಗೆ ಸಿಕ್ಕಿತು, ಎಲ್ಲಿ ಎಡವಿದೆ ಅಂತ ಬರೆದಿಡುತ್ತಿದ್ದೇನೆ. ಇಂಥದ್ದೇ ಹಿಂಬರಹ ಹಿಡಿದುಕೊಂಡು ಕೂತವರು ಇನ್ನೂ ಎಷ್ಟೋ ಜನ ಇರುತ್ತಾರೆ.

ನಾನು ನಮ್ಮೂರ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ತಮ್ಮ ಸ್ವಂತ ಟೆಂಪೊ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾನೆ. 2022ರ ಜೂನ್‌ನಲ್ಲಿ ಸಂತೆ ದಿನ ಅವನ ಟೆಂಪೊ ಒಂದು ಬೈಕಿಗೆ ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ, ಬೈಕಿನ ಇಂಡಿಕೇಟರ್ ಒಡೆಯಿತು ಅಷ್ಟೇ. ಬೈಕಿನವರಿಗೆ ಠಾಣೆಯಲ್ಲಿ ಪರಿಚಯ ಇತ್ತು. ಸಂಜೆ ಆರು ಗಂಟೆಗೆ "ಬಂದು ಹೋಗು" ಅಂತ ಕರೆಸಿದರು. ಹೋದವನು ಮನೆಗೆ ಬಂದದ್ದು ಮಾರನೇ ದಿನ ಮಧ್ಯಾಹ್ನ. ಮೊಬೈಲ್ ಕಿತ್ತಿಟ್ಟುಕೊಂಡಿದ್ದರು. ರಾತ್ರಿ ನಾನು ಠಾಣೆ ಬಾಗಿಲಿಗೆ ಹೋದಾಗ ಸೆಂಟ್ರಿ "ಇಲ್ಲಿ ಯಾರೂ ಇಲ್ಲಮ್ಮ, ಹೋಗು" ಅಂದರು. ಅವನು ಒಳಗೆ ಗೋಡೆಗೆ ಒರಗಿ ಕೂತಿದ್ದ.

ಎಡಗಿವಿಯ ಮೇಲೆ ಹೊಡೆದಿದ್ದರು. ಮನೆಗೆ ಬಂದಾಗ ಕಿವಿಯಿಂದ ನೀರಿನಂತೆ ಏನೋ ಸೋರುತ್ತಿತ್ತು. ಅವತ್ತು ಅವನು ಹೆಚ್ಚು ಮಾತಾಡಲಿಲ್ಲ. ಒಂದು ವಿಷಯ ಮಾತ್ರ ಹೇಳಿದ: ರಾತ್ರಿ ಯಾರೋ ಒಬ್ಬರು ಸ್ಟೀಲ್ ಚೊಂಬಿನಲ್ಲಿ ನೀರು ತಂದುಕೊಟ್ಟರು, ಕತ್ತಲಲ್ಲಿ ಮುಖ ಕಾಣಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ "ತಮಟೆ ತೂತಾಗಿದೆ, ಯಾರು ಹೊಡೆದದ್ದು?" ಎಂದು ಕೇಳಿದರು. ನಾನು ಹೇಳಿದೆ. ಅವರು ಪೆನ್ನು ಒಂದು ಕ್ಷಣ ಹಿಡಿದು, ಆಮೇಲೆ ನಾನು ಹೇಳಿದ್ದನ್ನು ಹೇಳಿದ ಹಾಗೇ ಬರೆದರು. ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣಕ್ಕೆ ಬೇಕಾಗುವ ಗಾಯದ ದಾಖಲೆ, ಮಾಡಿದರು. ಆ ಚೀಟಿ ಇಲ್ಲದಿದ್ದರೆ ಮುಂದೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಯಾರಿಗಾದರೂ ಇಂಥದ್ದು ಆದರೆ ನಾನು ಹೇಳೋ ಮೊದಲ ಮಾತೇ ಇದು: ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಬರೆಸಿ.

ಮೂರನೇ ದಿನ ಎಸ್ಪಿ ಆಫೀಸಿನ ಟಪಾಲು ಶಾಖೆಯಲ್ಲಿ ದೂರು ಕೊಟ್ಟೆವು. ಇಬ್ಬರೂ ಸಹಿ ಹಾಕಿದ್ದೆವು. ಎರಡು ಪ್ರತಿ ಒಯ್ದಿದ್ದೆ, ಒಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೆ. ಜುಲೈನಲ್ಲಿ ಡಿವೈಎಸ್ಪಿ ಆಫೀಸಿಗೆ ಕರೆಸಿ ಹೇಳಿಕೆ ಬರೆದುಕೊಂಡರು. ಅಲ್ಲಿ ಮರ್ಯಾದೆಯಿಂದಲೇ ಮಾತಾಡಿಸಿದರು. ಆಮೇಲೆ ಐದು ತಿಂಗಳು ಸದ್ದಿಲ್ಲ. ಕೊನೆಗೆ ಬಂದದ್ದು ಆ ಅರ್ಧ ಹಾಳೆ.

ಅಷ್ಟರಲ್ಲಿ ಊರಲ್ಲಿ ಮಾತು ಬೇರೆಯೇ ಆಗಿತ್ತು. "ಸುಮ್ನೆ ಯಾಕೆ ಕೂರಿಸ್ತಾರೆ, ಇವನೇ ಏನೋ ಮಾಡಿರ್ಬೇಕು" ಅಂತ. ಒಂದು ಕಡೆ ಹೆಣ್ಣು ನೋಡಿ ಮಾತುಕತೆ ಮುಂದುವರಿದಿತ್ತು, ಅವರೂ ಹಿಂದೆ ಸರಿದರು. ಕಾರಣ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮದುವೆ ದಲ್ಲಾಳಿ ಹೇಳಿದರು: "ಹುಡುಗನ್ನ ಸ್ಟೇಷನ್‌ನಲ್ಲಿ ಕೂರಿಸಿದ್ರಂತೆ." ನಮಗೆ ಪರಿಹಾರದ ದುಡ್ಡು ಬೇಕಿರಲಿಲ್ಲ. ವಿಚಾರಣೆ ಮಾಡಿದವರು ಏನು ಕಂಡುಕೊಂಡರು, ತಪ್ಪು ಯಾರದ್ದು ಅಂತ ಬರೆದರು, ಅದು ಬೇಕಿತ್ತು.

2023ರ ಜನವರಿಯಲ್ಲಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮೂನೆ ‘ಎ’. ಸಿಟ್ಟಿನಲ್ಲಿ ಬರೆದ ಅರ್ಜಿ ಅದು. ತಮ್ಮನ ಮೇಲೆ ಕೈ ಮಾಡಿದ ಅಧಿಕಾರಿ ಕೆಲಸಕ್ಕೆ ಸೇರಿದಾಗಿನಿಂದ ಅವರ ಮೇಲೆ ಎಷ್ಟು ದೂರು ಬಂದಿವೆ, ಎಷ್ಟು ಇಲಾಖಾ ವಿಚಾರಣೆ ನಡೆದಿವೆ, ಏನೇನು ಶಿಕ್ಷೆ ಆಗಿದೆ, ಸೇವಾ ಪುಸ್ತಕದ ಪ್ರತಿ, ವರ್ಗಾವಣೆಯ ವಿವರ, ಎಲ್ಲಾ ಕೇಳಿದ್ದೆ. ಎರಡೂವರೆ ಪುಟ.

ಫೆಬ್ರವರಿಯಲ್ಲಿ ಉತ್ತರ ಬಂತು, ಕೊಡಲಾಗುವುದಿಲ್ಲ ಅಂತ. ಎರಡು ಕಾರಣ. ಒಂದು, ಕರ್ನಾಟಕದ ನಿಯಮದಲ್ಲಿ 2008ರಿಂದ ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎರಡು, ಕೇಳಿದ್ದು ‘ವೈಯಕ್ತಿಕ ಮಾಹಿತಿ’, ಕಾಯ್ದೆಯ 8(1)(ಜೆ) ಪ್ರಕಾರ ಕೊಡಲು ಬರುವುದಿಲ್ಲ.

ನಮ್ಮೂರಲ್ಲಿ ನಿವೃತ್ತ ಶಿರಸ್ತೇದಾರರು ಒಬ್ಬರಿದ್ದಾರೆ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಲು ಅವರೇ ಬರುತ್ತಾರೆ. ಒಂದು ದಿನ ಕ್ಯಾನ್ ಇಟ್ಟು ನಿಂತಾಗ ಆ ಉತ್ತರವನ್ನು ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ ಓದಿ, "ಅಮ್ಮ, ನೀನು ಅವನ ಬಗ್ಗೆ ಕೇಳಿದೀಯ. ನಿನ್ನ ಅರ್ಜಿ ಬಗ್ಗೆ ಕೇಳು" ಅಂದರು.

ನನಗೆ ಮೊದಲು ತಿಳಿಯಲಿಲ್ಲ. ಅವರು ನಮ್ಮ ಹಾಲಿನ ಪುಸ್ತಕವನ್ನೇ ತೋರಿಸಿ ಹೇಳಿದರು. "ನಾನು ಬಂದು ಪಕ್ಕದ ಮನೆಯವರ ಬಟವಾಡೆ ಎಷ್ಟು ಅಂತ ಕೇಳಿದ್ರೆ ನೀನು ಹೇಳ್ತೀಯಾ? ಆದ್ರೆ ನನ್ನ ಹಾಲಿಗೆ ಎಷ್ಟು ಫ್ಯಾಟ್ ಬಂತು, ಯಾಕೆ ಕಮ್ಮಿ ಬರೆದೆ ಅಂದ್ರೆ ಇಲ್ಲ ಅನ್ನೋಕಾಗುತ್ತಾ?" ನಿಜ. ದಿನಾ ಎರಡು ಹೊತ್ತು ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದು ಚೀಟಿ ಕೊಡುವುದೇ ನನ್ನ ಕೆಲಸ. ಚೀಟಿ ತಪ್ಪಿದರೆ ಹೆಂಗಸರು ಜಗಳಕ್ಕೇ ಬರುತ್ತಾರೆ, ಬರಬೇಕು ಕೂಡ.

ಕಾನೂನಿನಲ್ಲಿ ಇದಕ್ಕೆ ಹಿನ್ನೆಲೆ ಇದೆ. 2012ರ ಅಕ್ಟೋಬರ್‌ನಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನೌಕರನಿಗೆ ಕೊಟ್ಟ ಮೆಮೊ, ಷೋಕಾಸ್ ನೋಟಿಸು, ಶಿಕ್ಷೆಯ ಆದೇಶ ಇವೆಲ್ಲ ಅವನ ಮತ್ತು ಮಾಲೀಕನ ನಡುವಿನ ವಿಷಯ, ವೈಯಕ್ತಿಕ ಮಾಹಿತಿ. ದೊಡ್ಡ ಸಾರ್ವಜನಿಕ ಹಿತ ತೋರಿಸಿದರೆ ಮಾತ್ರ ಕೊಡಬಹುದು ಅಂತ. ಅದು ಪೊಲೀಸರ ಪ್ರಕರಣ ಅಲ್ಲ. ಆದರೆ ಅವತ್ತಿನಿಂದ ಯಾವ ಇಲಾಖೆಯಲ್ಲಿ ಕೇಳಿದರೂ ಅದೇ ತೀರ್ಪನ್ನು ಮುಂದಿಡುತ್ತಾರೆ. ನನಗೆ ಇದು ಈಗಲೂ ಒಪ್ಪಿಗೆ ಇಲ್ಲ. ಒಬ್ಬ ಗುಮಾಸ್ತ ತಡವಾಗಿ ಬಂದದ್ದಕ್ಕೆ ಮೆಮೊ ಕೊಡುವುದೂ, ಸಮವಸ್ತ್ರದಲ್ಲಿ ಇದ್ದವರು ಜನರ ಮೇಲೆ ಕೈ ಮಾಡಿದ್ದಕ್ಕೆ ನಡೆದ ವಿಚಾರಣೆಯೂ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದಲ್ಲ. ಎರಡನೆಯದರಲ್ಲಿ ಪೆಟ್ಟು ತಿಂದವನು ಹೊರಗಿನವನು. ಅವನನ್ನು ಬಿಟ್ಟು ಅದು ‘ಇಬ್ಬರ ನಡುವಿನ ವಿಷಯ’ ಹೇಗಾಗುತ್ತದೆ?

ಶಿರಸ್ತೇದಾರರು ತೋರಿಸಿದ ದಾರಿ ಕಾಯ್ದೆಯ 4(1)(ಡಿ). ಆಡಳಿತದ ಯಾವುದೇ ತೀರ್ಮಾನಕ್ಕೆ ಕಾರಣ ಏನು ಅಂತ, ಆ ತೀರ್ಮಾನದಿಂದ ಬಾಧಿತರಾದವರಿಗೆ ತಿಳಿಸುವುದು ಕಚೇರಿಯ ಕರ್ತವ್ಯ ಅಂತ ಅದು ಹೇಳುತ್ತದೆ. ನಮ್ಮ ಅರ್ಜಿಯನ್ನು ಮುಕ್ತಾಯ ಮಾಡಿದ್ದು ಒಂದು ತೀರ್ಮಾನ. ಬಾಧಿತರು ನಾವು.

ಮಾರ್ಚ್‌ನಲ್ಲಿ ಹೊಸ ಅರ್ಜಿ ಹಾಕಿದೆ. ಈ ಸಲ ಅಧಿಕಾರಿಯ ಹೆಸರೇ ಬರೆಯಲಿಲ್ಲ. ‘ಇಂಥ ತಾರೀಖಿನ, ಇಂಥ ಇನ್‌ವರ್ಡ್ ನಂಬರಿನ ನನ್ನ ದೂರಿನ ಮೇಲೆ ನಡೆದ ವಿಚಾರಣೆಯ ವರದಿ, ಕಡತದ ಟಿಪ್ಪಣಿ ಹಾಳೆಗಳು, ದಾಖಲಿಸಿದ ಹೇಳಿಕೆಗಳು, ಮತ್ತು ತಮ್ಮ ಹಿಂಬರಹದಲ್ಲಿ ಹೇಳಿರುವ ಸೂಕ್ತ ಕ್ರಮ ಯಾವುದು ಎಂಬ ಆದೇಶದ ದೃಢೀಕೃತ ಪ್ರತಿ.’ ಅಷ್ಟೇ. ಎಣಿಸಿ ನೋಡಿದೆ, 150 ಪದಕ್ಕೆ ಎಷ್ಟೋ ಕಮ್ಮಿ.

ಇಪ್ಪತ್ತೊಂಬತ್ತನೇ ದಿನ ಉತ್ತರ. ಈಗ ಬೇರೆ ಕಲಮು: 8(1)(ಎಚ್), ಮಾಹಿತಿ ಕೊಟ್ಟರೆ ತನಿಖೆಗೆ ಅಡ್ಡಿಯಾಗುತ್ತದೆ. ಡಿಸೆಂಬರ್‌ನಲ್ಲಿ ಮುಕ್ತಾಯ ಮಾಡಿದ ವಿಚಾರಣೆಗೆ ಏಪ್ರಿಲ್‌ನಲ್ಲಿ ಅಡ್ಡಿ! ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು. ಆದರೆ ಆ ಉತ್ತರವೇ ಮುಂದೆ ನನ್ನ ಕೈ ಹಿಡಿಯಿತು. ವಿಚಾರಣೆ ನಡೀತಿದೆ ಅಂದ ಮಾತ್ರಕ್ಕೆ ಮಾಹಿತಿ ತಡೆಯುವಂತಿಲ್ಲ, ಅದು ಹೇಗೆ ಅಡ್ಡಿ ಅಂತ ಕಚೇರಿಯೇ ತೋರಿಸಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಶಿರಸ್ತೇದಾರರ ಮಗಳು ಹಾಸನದಲ್ಲಿ ವಕೀಲೆ, ಅವರು ಅದರ ಪ್ರತಿ ಕಳಿಸಿದರು.

ಮೊದಲ ಮೇಲ್ಮನವಿಗೆ 30 ದಿನ ಗಡುವು. ಅದೇ ಇಲಾಖೆಯ ಮೇಲಿನ ಅಧಿಕಾರಿ ಕೇಳುತ್ತಾರೆ. ಹೋದೆ, ಹೇಳಿದೆ. ತನಿಖೆಯ ಕಾರಣ ಕೈಬಿಟ್ಟು ಮತ್ತೆ ‘ವೈಯಕ್ತಿಕ ಮಾಹಿತಿ’ಗೆ ಬಂದು ಅರ್ಜಿ ತಿರಸ್ಕರಿಸಿದರು. ಅಲ್ಲಿಂದ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಅದನ್ನು 2023ರ ಆಗಸ್ಟ್‌ನಲ್ಲಿ ಹಾಕಿದೆ. ಆಮೇಲೆ ಕಾಯುವುದು. ಒಂದು ವರ್ಷ ಏಳು ತಿಂಗಳು.

ಆ ಕಾಯುವ ದಿನಗಳಲ್ಲೇ ನನಗೆ ಸಿಸಿಟಿವಿ ವಿಷಯ ಗೊತ್ತಾದದ್ದು. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು ಅಂತ ಆದೇಶಿಸಿದೆ. ಬಾಗಿಲು, ಲಾಕಪ್, ವರಾಂಡ, ಒಂದನ್ನೂ ಬಿಡುವಂತಿಲ್ಲ. ದೃಶ್ಯಗಳನ್ನು 18 ತಿಂಗಳು ಇಡಬೇಕು, ಅಷ್ಟು ಆಗದಿದ್ದರೆ ಕಡೇಪಕ್ಷ ಒಂದು ವರ್ಷ. ನನಗೆ ಇದು ತಿಳಿದಾಗ ಎರಡು ವರ್ಷ ಕಳೆದಿತ್ತು. ದೂರು ಕೊಟ್ಟ ದಿನವೇ ‘ಇಂಥ ದಿನ ಸಂಜೆ ಆರರಿಂದ ಮರುದಿನ ಮಧ್ಯಾಹ್ನದವರೆಗಿನ ದೃಶ್ಯ ಅಳಿಸದೆ ಕಾಪಾಡಿ’ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಈಗ ಯಾರು ಬಂದರೂ ಮೊದಲ ವಾರದಲ್ಲೇ ಅದನ್ನು ಬರೆಸುತ್ತೇನೆ.

ಶಿರಸ್ತೇದಾರರ ಮಗ ನ್ಯೂಯಾರ್ಕ್‌ನಲ್ಲಿದ್ದಾರೆ. ರಜಕ್ಕೆ ಊರಿಗೆ ಬಂದಾಗ ಅಲ್ಲಿನ ಕತೆ ಹೇಳಿದರು. ಅಲ್ಲೂ ‘50-ಎ’ ಅಂತ ಒಂದು ಕಲಮು 1976ರಿಂದ ಪೊಲೀಸರ ಶಿಸ್ತುಕ್ರಮದ ದಾಖಲೆಗಳನ್ನು ಮುಚ್ಚಿಟ್ಟಿತ್ತಂತೆ. 2020ರ ಮೇನಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಜನ ಬೀದಿಗಿಳಿದರು, ಜೂನ್‌ನಲ್ಲಿ ಆ ಕಲಮನ್ನೇ ತೆಗೆದುಹಾಕಿದರು. ನಲವತ್ತಕ್ಕೂ ಜಾಸ್ತಿ ವರ್ಷ ಇದ್ದದ್ದು ಒಂದೇ ತಿಂಗಳಲ್ಲಿ ಹೋಯಿತು. ಅದಕ್ಕೆ ಒಂದು ಜೀವ ಹೋಗಬೇಕಾಯಿತು ಅನ್ನುವುದು ನನ್ನ ಮನಸ್ಸಲ್ಲಿ ಉಳಿದಿದೆ.

2025ರ ಮಾರ್ಚ್‌ನಲ್ಲಿ ಆಯೋಗದ ನೋಟಿಸು ಬಂತು. ಬೆಳಗಿನ ಹಾಲು ಅಳೆದು ಮುಗಿಸೋ ಜವಾಬ್ದಾರಿ ಅಧ್ಯಕ್ಷೆಗೆ ಒಪ್ಪಿಸಿ, ನಾಲ್ಕು ಗಂಟೆ ಬಸ್ಸಿಗೆ ನಾನೂ ತಮ್ಮನೂ ಬೆಂಗಳೂರಿಗೆ ಹೊರಟೆವು. ದೇವರಾಜ ಅರಸು ರಸ್ತೆಯ ಮಾಹಿತಿ ಸೌಧ. ವಿಧಾನಸೌಧದ ಪಶ್ಚಿಮ ದ್ವಾರದ ಎದುರು. ಕಾರಿಡಾರಿನಲ್ಲಿ ನಮ್ಮಂಥವರೇ ತುಂಬಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಕಾಗದ, ಕಂಕುಳಲ್ಲಿ ಕವರು. ಖಾತೆ, ಪೋಡಿ, ಪಿಂಚಣಿ, ಒಬ್ಬೊಬ್ಬರದು ಒಂದೊಂದು.

ಒಳಗೆ ನಮಗೆ ಸಿಕ್ಕದ್ದು ಹತ್ತು ನಿಮಿಷ ಇರಬಹುದು. ಮಾಹಿತಿ ಅಧಿಕಾರಿಯ ಪರವಾಗಿ ಬಂದವರು ದೇಶಪಾಂಡೆ ತೀರ್ಪು ಓದಿದರು. ಆಯುಕ್ತರು ನನ್ನ ಕಡೆ ನೋಡಿದರು. ನಾನು ಬರೆದುಕೊಂಡು ಹೋಗಿದ್ದೆ, ಆದರೆ ಓದಲಿಲ್ಲ.

"ಸರ್, ಈ ಕಡತದಲ್ಲಿ ಇರೋದು ನನ್ನ ತಮ್ಮನ ಕಿವಿ ವಿಷಯ. ಅವರ ಮನೆ ವಿಷಯ ಒಂದೂ ನಾನು ಕೇಳಿಲ್ಲ. ಅವರ ವಿಳಾಸ, ಸಂಬಳ, ಆಸ್ತಿ ಏನಿದ್ದರೂ ಅಳಿಸಿ ಕೊಡಿ" ಎಂದೆ. ಆಸ್ಪತ್ರೆ ಚೀಟಿ, ಹಿಂಬರಹ, ‘ತನಿಖೆಗೆ ಅಡ್ಡಿ’ ಎಂಬ ಉತ್ತರ, ಮೂರನ್ನೂ ಒಂದರ ಪಕ್ಕ ಒಂದು ಇಟ್ಟೆ. ಮುಕ್ತಾಯ ಆಗಿದೆ ಅಂತ ನೀವೇ ಬರೆದ ಮೇಲೆ ತನಿಖೆ ಯಾವುದು ಅಂತ ಆಯುಕ್ತರು ಅವರನ್ನು ಕೇಳಿದರು. ಉತ್ತರ ಬರಲಿಲ್ಲ. ಮಾಹಿತಿ ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊಣೆ ಕಾಯ್ದೆಯ 19(5)ರ ಪ್ರಕಾರ ಅಧಿಕಾರಿಯದ್ದೇ, ಅರ್ಜಿದಾರರದ್ದಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ.

ಮೇನಲ್ಲಿ ಇನ್ನೊಂದು ವಿಚಾರಣೆ ಆಗಿ ಆದೇಶ ಬಂತು. ವರದಿ ಮತ್ತು ಕ್ರಮದ ಆದೇಶ ಕೊಡಬೇಕು. 10ನೇ ಕಲಮಿನಂತೆ ಹೇಳಿಕೆ ಕೊಟ್ಟ ಸಿಬ್ಬಂದಿಯ ಹೆಸರು, ವೈಯಕ್ತಿಕ ವಿವರ ಮರೆಮಾಡಬೇಕು. ಟಿಪ್ಪಣಿ ಹಾಳೆ ಕೊಡಬೇಕಿಲ್ಲ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕೆ ಇದೆ, ಹಾಕಲಿಲ್ಲ. ನನಗೆ ಅದು ಬೇಕಾಗಿರಲೂ ಇಲ್ಲ.

ಜುಲೈನಲ್ಲಿ ಲಕೋಟೆ ಬಂತು. ಹತ್ತೊಂಬತ್ತು ಪುಟ. ಗಡುವು ಮೀರಿದ್ದರಿಂದ ಪುಟಕ್ಕೆ ಎರಡು ರೂಪಾಯಿ ಕೊಡಬೇಕಾಗಲಿಲ್ಲ. ಸಂಜೆ ಹಾಲು ಮುಗಿದ ಮೇಲೆ ಸಂಘದ ಟೇಬಲ್ ಮೇಲೆ ಹರಡಿಕೊಂಡು, ಟ್ಯೂಬ್‌ಲೈಟ್ ಕೆಳಗೆ ಇಬ್ಬರೂ ಓದಿದೆವು.

ಠಾಣಾ ದಿನಚರಿಯಲ್ಲಿ ಆ ರಾತ್ರಿ ತಮ್ಮನ ಹೆಸರೇ ಇಲ್ಲ. ಯಾರನ್ನಾದರೂ ಹಿಡಿದಿಟ್ಟರೆ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು ಅಂತ ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದೂ ಆಗಿರಲಿಲ್ಲ. ಸಿಸಿಟಿವಿ ‘ಸದರಿ ದಿನದಂದು ಕಾರ್ಯನಿರ್ವಹಿಸುತ್ತಿರಲಿಲ್ಲ’. ಇಬ್ಬರು ಸಿಬ್ಬಂದಿ ‘ನನಗೆ ಏನೂ ತಿಳಿದಿರುವುದಿಲ್ಲ’ ಅಂತ ಹೇಳಿಕೆ ಕೊಟ್ಟಿದ್ದರು.

ಹನ್ನೊಂದನೇ ಪುಟದಲ್ಲಿ ಮೂರನೆಯವರ ಹೇಳಿಕೆ ಇತ್ತು. ಹೆಸರಿನ ಜಾಗದಲ್ಲಿ ಕಪ್ಪು ಪಟ್ಟಿ. ‘ಸದರಿ ವ್ಯಕ್ತಿಯನ್ನು ರಾತ್ರಿ ಠಾಣೆಯಲ್ಲಿಯೇ ಕೂರಿಸಲಾಗಿತ್ತು. ಆತನು ಕಿವಿ ಹಿಡಿದುಕೊಂಡು ಅಳುತ್ತಿದ್ದನು. ನಾನು ಕುಡಿಯಲು ನೀರು ಕೊಟ್ಟಿರುತ್ತೇನೆ.’

ತಮ್ಮ ಆ ಪುಟವನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತ. ನಾನೂ ಏನೂ ಮಾತಾಡಲಿಲ್ಲ. ತನ್ನ ಮೇಲಿನವರ ವಿರುದ್ಧ, ಅದೇ ಠಾಣೆಯಲ್ಲಿ ಮಾರನೇ ದಿನ ಡ್ಯೂಟಿ ಮಾಡಬೇಕಾದ ಒಬ್ಬ ಮನುಷ್ಯ ಆ ಮೂರು ಸಾಲು ಹೇಳಿ ಸಹಿ ಹಾಕಿದ್ದಾರೆ. ಅವರು ಯಾರು ಅಂತ ನಮಗೆ ಗೊತ್ತಿಲ್ಲ, ಆ ಕಪ್ಪು ಪಟ್ಟಿ ಅಲ್ಲಿ ಇರುವುದೇ ಸರಿ. ಆದರೆ ಸಿಕ್ಕಿದ್ದರೆ ಕೈ ಮುಗಿಯುತ್ತಿದ್ದೆ.

ಕೊನೆಯಲ್ಲಿ ತೀರ್ಮಾನ: ‘ಆರೋಪವು ಭಾಗಶಃ ರುಜುವಾತಾಗಿರುತ್ತದೆ.’ ‘ಸೂಕ್ತ ಕ್ರಮ’ ಅಂದರೆ ವಾಗ್ದಂಡನೆ. ಕರ್ನಾಟಕ ರಾಜ್ಯ ಪೊಲೀಸ್ ಶಿಸ್ತು ನಡವಳಿ ನಿಯಮಗಳು 1965ರವು. ಅವುಗಳಲ್ಲಿ ವಾಗ್ದಂಡನೆಯಿಂದ ಕೆಲಸದಿಂದ ವಜಾ ಮಾಡುವವರೆಗೆ ಶಿಕ್ಷೆಗಳಿವೆ. ಒಂದು ಕಿವಿಗೆ ವಾಗ್ದಂಡನೆ ಸಾಲದು ಅಂತಲೇ ನನ್ನ ಅಭಿಪ್ರಾಯ. ತಮ್ಮನಿಗೆ ಈಗಲೂ ಎಡಗಡೆ ಕೇಳುವುದು ಮಂದ. ಫೋನನ್ನು ಬಲಗಿವಿಗೇ ಹಿಡಿಯುತ್ತಾನೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹೊಡೆದದ್ದು ಊರಿಗೆಲ್ಲ ಗೊತ್ತಿತ್ತು, ಅದರಲ್ಲಿ ಗುಟ್ಟು ಏನೂ ಇರಲಿಲ್ಲ. ಎರಡೂವರೆ ವರ್ಷ ಗುಟ್ಟಾಗಿ ಇಟ್ಟದ್ದು ಒಂದೇ ವಿಷಯವನ್ನು: ತಪ್ಪಾಗಿದೆ ಅಂತ ಇಲಾಖೆಯೇ ಬರೆದುಕೊಂಡಿದೆ ಅನ್ನುವುದನ್ನು. ಅದನ್ನು 2022ರ ಡಿಸೆಂಬರ್‌ನಲ್ಲಿ ಅದೇ ಅರ್ಧ ಹಾಳೆಯಲ್ಲಿ ಬರೆದು ಕಳಿಸಿದ್ದರೆ ಯಾರ ಖಾಸಗಿತನಕ್ಕೆ ಧಕ್ಕೆ ಆಗುತ್ತಿತ್ತು? ನನ್ನ ತಮ್ಮ ತಲೆ ಎತ್ತಿ ಓಡಾಡುತ್ತಿದ್ದ. ಆ ನೀರು ಕೊಟ್ಟವರ ಮಾತಿಗೂ ಬೆಲೆ ಬರುತ್ತಿತ್ತು.

ವರದಿಯ ಪ್ರತಿಯನ್ನು ಜೋಡಿಸಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೆ ಆಗಸ್ಟ್‌ನಲ್ಲಿ ಅರ್ಜಿ ಹಾಕಿದ್ದೇವೆ. ಪೊಲೀಸ್ ಸುಧಾರಣೆ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ, ನಮ್ಮಲ್ಲಿ 2012ರ ಪೊಲೀಸ್ ಕಾಯ್ದೆ ತಿದ್ದುಪಡಿಯಲ್ಲಿ ಬಂದ ವ್ಯವಸ್ಥೆ ಅದು. ಇನ್ನೂ ನಡೀತಿದೆ.

ಈ ನಡುವೆ ಕಾನೂನೇ ಬದಲಾಗಿದೆ. 8(1)(ಜೆ)ನಲ್ಲಿ ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ್ದು, ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವಂಥದ್ದು ಅಂತೆಲ್ಲ ಮಾತುಗಳಿದ್ದವು. ನಾನು ಆಯೋಗದ ಮುಂದೆ ನಿಂತದ್ದು ಆ ಮಾತುಗಳ ಮೇಲೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಅವನ್ನು ತೆಗೆದು, ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಅಂತಷ್ಟೇ ಉಳಿಸಿತು. ಅದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ನನ್ನ ಲಕೋಟೆ ಬಂದು ನಾಲ್ಕೇ ತಿಂಗಳಿಗೆ. ಅಷ್ಟು ತಡವಾಗಿದ್ದರೆ ನಮಗೂ ಇಲ್ಲ ಅನ್ನುವುದು ಅವರಿಗೆ ಇನ್ನೂ ಸುಲಭ ಆಗುತ್ತಿತ್ತು.

ಬಾಗಿಲು ಪೂರ್ತಿ ಮುಚ್ಚಿಲ್ಲ. 8(2) ಹಾಗೇ ಇದೆ: ಕೊಡುವುದರಿಂದ ಆಗುವ ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾಗಿದ್ದರೆ ಕೊಡಬಹುದು. 4(1)(ಡಿ)ಯೂ ಇದೆ. ಇನ್ನು ಮುಂದೆ ಇವೆರಡನ್ನೂ ಅರ್ಜಿಯ ಮೊದಲ ಸಾಲಿನಲ್ಲೇ ಹೇಳಬೇಕು, ಮೇಲ್ಮನವಿಗೆ ಅಂತ ಉಳಿಸಿಕೊಳ್ಳಬಾರದು.

ಕಳೆದ ತಿಂಗಳು ಪಕ್ಕದ ಹಳ್ಳಿಯ ಒಬ್ಬ ಹೆಂಗಸು ಸಂಘಕ್ಕೆ ಬಂದಿದ್ದರು. ಅವರ ಗಂಡನದ್ದು ಬೇರೆ ಠಾಣೆ, ಬೇರೆ ಕತೆ. ಕೈಯಲ್ಲಿ ಅದೇ ಅರ್ಧ ಹಾಳೆ, ಅದೇ ಎರಡು ಪದ. "ಅಕ್ಕಾ, ಇದರ ಅರ್ಥ ಏನು?" ಅಂದರು. ಕೂರಿಸಿ, ಕಾಫಿ ಕೊಟ್ಟು, ನಮೂನೆ ‘ಎ’ ತೆಗೆದೆ. ಇನ್‌ವರ್ಡ್ ನಂಬರ್ ಹುಡುಕಲು ಸ್ವಲ್ಪ ಹೊತ್ತಾಯಿತು, ಸೀಲು ಅರ್ಧ ಅಳಿಸಿತ್ತು. ಅವರು ಹೇಳಿದರು, ನಾನು ಬರೆದೆ. ತಮ್ಮ ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿ ಪೋಸ್ಟಲ್ ಆರ್ಡರ್ ಕೊಡಿಸಿದ. ಮೂವತ್ತನೇ ದಿನ ಬರುವ ಸೋಮವಾರಕ್ಕೆ ಬೀಳುತ್ತದೆ. ಹಾಲಿನ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಿದ್ದೇನೆ.